ಕಂಟಿನ್ಯೂಟಿ

ಮೀಸೆ ಮುಟ್ಟಬೇಡ ಕಣೋ ಕದಿರಪ್ಪ, ಕಂಟಿನ್ಯೂಟಿ ಇದೆ
ಅನ್ನುತ್ತಿದ್ದ ಬಯ್ಯಣ್ಣ, ಕುರ್ಚಿಗೆ ಕೂರುವ ಮುಂಚೆಯೇ.
ಒಂಬತ್ತು ವರ್ಷ ಆ ಮೀಸೆ ನನ್ನ ಕತ್ತರಿಯದಲ್ಲ, ಅವನ ಮುಖದ್ದೂ ಅಲ್ಲ,
ಯಾವುದೋ ಚಾನೆಲ್ಲಿನದು.
ಹುತ್ತ ಬಿಟ್ಟು ಹೊಲ ಉತ್ತ ಹಾಗೆ
ಸುತ್ತಲೇ ಕೈಯಾಡಿಸಿ ಕಳಿಸುತ್ತಿದ್ದೆ.

ಅದಕ್ಕೂ ಮೊದಲು
ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವನು.
ಇವನು ಕೂಗಿದರೆ ಗೂಡಿನೊಳಗಿನ ಹುಳ ಮಗ್ಗುಲು ಬದಲಾಯಿಸುತ್ತೆ
ಅಂತ ರೀಲರ್ ಪ್ಯಾರೇಜಾನ್ ನಗುತ್ತಿದ್ದ.
ಕಂಪ್ಯೂಟರ್ ಬಂತು.
ಬೆಲೆಗಳು ಮೊಬೈಲಿನೊಳಗೆ ಸದ್ದಿಲ್ಲದೆ ಏರತೊಡಗಿದವು.
ಇಷ್ಟು ದೊಡ್ಡ ಗಂಟಲು ಇಟ್ಟುಕೊಂಡು ಏನು ಮಾಡೋದು?
ಐದೂಕಾಲರ ಬಸ್ಸು ಹತ್ತಿದ.

ಮೊದಲ ಪಾತ್ರ ಕೋರ್ಟಿನ ಜವಾನ.
ಮೂರು ಸಲ ಹೆಸರು ಕೂಗಬೇಕು. ಇವನಿಗೇ ಹೇಳಿ ಮಾಡಿಸಿದ್ದು.
ನನ್ನ ಅಂಗಡಿಯ ಟಿವಿ ಮುಂದೆ ಇಪ್ಪತ್ತು ಜನ, ಅರ್ಧ ಗಡ್ಡದ ಇಬ್ಬರು ಸೇರಿ.
ಬಯ್ಯಣ್ಣ ಬಾಯಿ ತೆರೆದ.
ಬಂದದ್ದು ಬೇರೆ ಯಾರದೋ ದನಿ,
ಬೆಂಗಳೂರಿನ ಏಸಿ ರೂಮಿನಲ್ಲಿ
ಬಾಳೆಹಣ್ಣಿನ ಹಾಗೆ ಸುಲಿದ ಕನ್ನಡ.
ಪುಣ್ಯಕ್ಕೆ ಜಾಹೀರಾತು ಬಂತು.

"ನನ್ನ ಕನ್ನಡದಲ್ಲಿ ತೆಲುಗು ಇಣುಕುತ್ತಂತೆ" ಅಂದ ಮರುದಿನ,
ಕನ್ನಡಿಯಲ್ಲಿ ನನ್ನ ಕಣ್ಣು ತಪ್ಪಿಸಿ.
ಇಣುಕದೆ ಇನ್ನೇನು?
ಇಲ್ಲಿ ನಾಯಿ ಓಡಿಸೋದು ಕನ್ನಡದಲ್ಲಿ, ಮಗು ಮಲಗಿಸೋದು ತೆಲುಗಿನಲ್ಲಿ,
ಸಾಲ ಕೇಳೋದು ಎರಡರಲ್ಲೂ.

ಆಮೇಲೆ ಪೋಸ್ಟ್‌ಮಾಸ್ಟರಾದ. ಎರಡು ಸಲ ಡಾಕ್ಟರ್,
ಇನ್ನು ದೇವರೇ ಗತಿ ಅನ್ನುವ ಡಾಕ್ಟರ್.
ಒಂದು ಮಧ್ಯಾಹ್ನ ಪೂರ್ತಿ ಹೆಣ.
ಹೆಣಕ್ಕೆ ಊಟ ತಡ ಮಾಡಿದರು ಅನ್ನೋದೊಂದೇ ದೂರು.
ಕೊನೆಗೆ ಸಿಕ್ಕಿತು ಸೊಸೆಯ ಪರ ನಿಲ್ಲುವ ಮಾವ:
ಸೋಮವಾರದಿಂದ ಶುಕ್ರವಾರ, ರಾತ್ರಿ ಎಂಟೂವರೆ,
ಜುಬ್ಬಾ ಸಂಜೆ ವಾಪಸ್ ಕೊಡಬೇಕು.
ಹೆಂಗಸರು ಬಸ್ಸಿನಲ್ಲಿ ಸೀಟು ಬಿಟ್ಟುಕೊಡುತ್ತಿದ್ದರು.
ಮಾತಾಡಿಸಿದರೆ ಬರೀ ಕೈ ಮುಗಿಯುತ್ತಿದ್ದ.

ಹೋದ ಶುಕ್ರವಾರ ಮೆಟ್ಟಿಲಿಂದ ಉರುಳಿಸಿ ಸಾಯಿಸಿದರು.
ಎದೆ ಹಿಡಿದುಕೊಂಡ. ಅಮ್ಮಾ ಅಂತಲೂ ಪೂರ್ತಿ ಬರಲಿಲ್ಲ,
ಬರೀ "ಅ".
ಸೊಪ್ಪು ಬಿಡಿಸುತ್ತಿದ್ದ ನನ್ನ ಹೆಂಡತಿ ತಲೆಯೆತ್ತಿದಳು:
"ಇದು ಬಯ್ಯಣ್ಣಂದೇ!"
ಮಾತಲ್ಲದ್ದಕ್ಕೆ ಡಬ್ಬಿಂಗ್ ಯಾಕೆ ಅಂತ ಬಿಟ್ಟಿರಬೇಕು.
ಒಂಬತ್ತು ವರ್ಷಕ್ಕೆ ಅಷ್ಟೇ, ಒಂದೂವರೆ ಸೆಕೆಂಡು.

ಇವತ್ತು ಬಂದು ಕೂತ. ತೆಗೆದುಬಿಡು ಅಂದ.
ಕತ್ತಿಗೆ ಹೊಸ ಬ್ಲೇಡು ಹಾಕಿದೆ.
ಒಂದು ಪಕ್ಕ ಮುಗಿದಿತ್ತು, ಕೈ ಹಿಡಿದ.
ಎದೆಯ ಬಟ್ಟೆಯ ಮೇಲೆ ಬಿದ್ದದ್ದನ್ನು ಚಿವುಟಿ ಎತ್ತಿ,
ಅರ್ಧ ಮೀಸೆಯ ಮುಖ ಬೀದಿಗೆ ತಿರುಗಿಸಿ, ಕೂಗಿದ:

ಮುನ್ನೂರು! ಒಕಟೋ ಸಾರಿ!

ಬಾಟಲಿಯಲ್ಲಿ ಡೆಟಾಲ್ ನಡುಗಿತು, ಆಣೆಗೂ.

ರೆಂಡೋ ಸಾರಿ!

ರಸ್ತೆಯಾಚೆ ಟೀ ಕುಡಿಯುತ್ತಿದ್ದ ಪ್ಯಾರೇಜಾನ್
ಇತ್ತ ತಿರುಗದೆಯೇ ಕೈ ಎತ್ತಿದ:
"ಮೇಲೆ ಐದು!"