ಹಿಂದಿನ ಗಾಜು

ಕಲ್ಲು ಬಿದ್ದದ್ದಲ್ಲ.
ಅದನ್ನು ಎಷ್ಟು ಸಲ ಹೇಳಬೇಕು ನಾನು!
ಜೀಗುಜ್ಜೆ ಕೊಯ್ಯಲೆಂದು ತಂಗಿಯ ಮನೆಗೆ ಒಯ್ಯುತ್ತಿದ್ದ ದೋಟಿ.
ಡ್ಯಾಶ್‌ಬೋರ್ಡಿಗೆ ಬುಡ ಕೊಟ್ಟು ಓರೆಯಾಗಿ ಮಲಗಿಸಿ
ಹಿಂದಿನ ಬಾಗಿಲನ್ನು ನಾನೇ, ಈ ಕೈಯಿಂದಲೇ,
ಸ್ವಲ್ಪ ಜೋರಾಗಿ ಹಾಕಿದೆ.
ಟಪ್ ಎಂದಿತು. ಅಷ್ಟೆ.
ಇಡೀ ಗಾಜು ಬೆಳ್ಳಗೆ ಬಲೆ ಕಟ್ಟಿ ನಿಂತು
ಒಂದು ಗಳಿಗೆ ಯೋಚಿಸಿದ ಹಾಗೆ ಮಾಡಿ
ಸೀಟಿನ ತುಂಬ ಕಲ್ಲುಸಕ್ಕರೆ ಸುರಿಯಿತು.

ಬದಿಯಡ್ಕ ಪೇಟೆಯಲ್ಲಿ ಯಾರೂ ನಂಬಲಿಲ್ಲ.
ಮೊನ್ನೆಯಷ್ಟೇ ಹರತಾಳ ಮುಗಿದಿತ್ತು.
ಹಾಲಿನ ಸೊಸೈಟಿಯ ಐತಪ್ಪಣ್ಣ ಸ್ವರ ತಗ್ಗಿಸಿ
"ಯಾವ ಪಾರ್ಟಿಯವರು?" ಎಂದರು.
"ಕೇಸು ಮಾತ್ರ ಕೊಡಬೇಡಿ ರೈಟರ್ರೇ,
ಮತ್ತೆ ಕೋರ್ಟು ತಿರುಗಬೇಕು" ಎಂದಳು ಝೆರಾಕ್ಸಿನ ಪ್ರಫುಲ್ಲ.
ಎರಡು ಬಣ್ಣದ ಬಾವುಟದವರು ಬೇರೆ ಬೇರೆಯಾಗಿ ಬಂದು
ನಮ್ಮ ಹುಡುಗರಲ್ಲ ಎಂದು ಆಣೆ ಹಾಕಿ ಹೋದರು.
ದೋಟಿ, ಎಂದೆ.
ದೋಟಿಯಾ, ಎಂದು ನಕ್ಕರು,
ಹೆದರಿದವನ ಸುಳ್ಳನ್ನು ಕ್ಷಮಿಸುವವರ ಹಾಗೆ.

ಉಪ್ಪಳದವರೆಗೂ
ಹಿಂದೆ ಕಟ್ಟಿದ ಪ್ಲಾಸ್ಟಿಕ್ಕು ಪಟಪಟ ಮಾತಾಡಿತು.
ಗುಜರಿಯ ಅಂದುಂಞಿಚ್ಚ
ಸತ್ತ ಮಾರುತಿಗಳ ಸಾಲಿನಲ್ಲಿ ನಡೆದು
ಒಂದರ ಬೆನ್ನು ತಟ್ಟಿದರು.
"ಗಾಜು ಒರಿಜಿನಲ್. ಮುಖ ಮಾತ್ರ ಹೋದದ್ದು."
ಯಾರ ಕಾರೆಂದು ನಾನು ಕೇಳಲಿಲ್ಲ,
ಮೂರು ಸೆಂಟು ಜಾಗಕ್ಕೂ
ಮೂವತ್ತು ವರ್ಷದ ಋಣಭಾರ ತೆಗೆಸುವವನು.

ಅಸ್ಸಾಮಿನ ಹುಡುಗ ಮೊಯ್ನುಲ್
ರಬ್ಬರಿನ ತೋಡಿನಲ್ಲಿ ಸುತ್ತಲೂ ನೈಲಾನು ಹಗ್ಗ ಹೂತು
ಸೋಪಿನ ನೀರು ಸವರಿ
ಹಗ್ಗದ ಎರಡು ತುದಿ ಹಿಡಿದು ಒಳಗೆ ಕೂತ.
ಅವನು ಎಳೆಯಬೇಕು. ನಾವು ಹೊರಗಿಂದ ಅಂಗೈ ಒತ್ತಬೇಕು.
ಹಗ್ಗ ಬಿಟ್ಟು ಬಂದಷ್ಟೂ, ಬೆರಳಗಲ ಬೆರಳಗಲ,
ರಬ್ಬರಿನ ತುಟಿ ತಗಡನ್ನು ದಾಟಿ ಆಚೆ ಮಗುಚಿಕೊಂಡಿತು.
"ಮೆಲ್ಲೆ" ಎಂದರು ಅಂದುಂಞಿಚ್ಚ.
ಮೆಲ್ಲಗೆ, ಎಂದೆ ನಾನು.
"ಆಸ್ತೆ, ಆಸ್ತೆ" ಎಂದು ಒಳಗಿಂದ ಅವನು.
ಗಾಜು ಯಾರ ಮಾತು ಕೇಳಿತೋ, ಕೂತಿತು.
ತೆಂಕು, ಬಡಗು, ಮೂಡು, ಪಡು ಎಂದು
ಊರಿನವರ ಗಡಿ ಬರೆದೇ ಅನ್ನ ತಿಂದವನು ನಾನು.
ಒಂದು ಗಡಿ ಕೂಡಿಕೊಳ್ಳುವುದನ್ನು
ಕೈಯಿಟ್ಟು ನೋಡಿದ್ದು ಅಂದೇ.

ಹಳೆಯ ಸ್ಟಿಕ್ಕರೊಂದರ ಚೂರುಗಳಿದ್ದವು.
ಬ್ಲೇಡು, ಸೀಮೆಎಣ್ಣೆ, ಹಳೇ ಬನಿಯನು.
ಚೊಕ್ಕ. ಸಾವಿರದ ಇನ್ನೂರು ಕೊಟ್ಟೆ.

ಆಮೇಲೆ ಧನು ತಿಂಗಳ ಒಂದು ಬೆಳಿಗ್ಗೆ,
ನೀರ್ಚಾಲಿನ ತಿರುವಿನಲ್ಲಿ ಕನ್ನಡಿ ನೋಡುತ್ತೇನೆ:
ಮಂಜು ಹಿಡಿದ ಗಾಜಿನಲ್ಲಿ
ಮಂಜು ಹಿಡಿಯದ ನಾಲ್ಕು ಅಕ್ಷರ.
ಮಲಯಾಳದ್ದು.
ಕತ್ತು ತಿರುಗಿಸಿ ನೋಡಿದರೆ ತಲೆಕೆಳಗಲ್ಲ, ಎಡಬಲ ಅದಲುಬದಲು,
ಓದಲಾಗದು.
ಕನ್ನಡಿಯೊಳಗೆ ಮಾತ್ರ ನೇರ:
ಫಿದಮೋಳ್.

ಹಿಂದೆ ಬರುವವರೆಲ್ಲ ಓದಲಿ ಎಂದು
ಯಾವ ಅಪ್ಪ ಅಂಟಿಸಿದ್ದೋ.
ಮುಖ ಮಾತ್ರ ಹೋದದ್ದು, ಎಂದಿದ್ದರಲ್ಲ.
ಕಾರು ಬದಿಗೆ ನಿಲ್ಲಿಸಿ ಫೋನು ಮಾಡಿದೆ.
"ಯಾವ ಕಾರು ರೈಟರ್ರೇ?" ಎಂದರು ಅಂದುಂಞಿಚ್ಚ,
ಹಿಂದೆ ಸುತ್ತಿಗೆಯ ಸದ್ದು,
"ತಿಂಗಳಿಗೆ ಎಷ್ಟು ಬರುತ್ತದೆ ಇಲ್ಲಿಗೆ."
ಬಿಸಿಲು ಬಂತು. ಮೊದಲು ಕೊನೆಯ ಅಕ್ಷರ ಹೋಯಿತು.

ಸೀಟಿನ ಸಂದಿಯಿಂದ ಈಗಲೂ ಕಲ್ಲುಸಕ್ಕರೆ ಸಿಗುತ್ತದೆ.
ನಿನ್ನೆ ಒಂದು ಕಾಳು
ಕ್ರಯಪತ್ರದ ಮಡಿಕೆಯೊಳಗೆ ಹೋಗಿ ಕೂತಿತ್ತು,
ಸಹಿ ಹಾಕಬಂದ ಮುದುಕಿ ಉಗುರಲ್ಲಿ ಎತ್ತಿ
ಬೆಳಕಿಗೆ ಹಿಡಿದು ನೋಡಿದಳು.

ಹಾಲಿನ ಸೊಸೈಟಿಯ ಮುಂದೆ, ಮುಂಜಾನೆ,
ಐತಪ್ಪಣ್ಣ ಕಾರಿನ ಹಿಂದೆ ನಿಂತು ಓದಿ
"ಫಿದ ಯಾರು ರೈಟರ್ರೇ?" ಎಂದರು.
ಗೊತ್ತಿಲ್ಲ, ಎಂದೆ.
ಅದನ್ನೂ ನಂಬಲಿಲ್ಲ.

ದೋಟಿಯನ್ನು ಈಗ ಮಾಡಿನ ಮೇಲೆ ಕಟ್ಟುತ್ತೇನೆ.
ಬಾಗಿಲು ಮೆಲ್ಲ ಹಾಕುತ್ತೇನೆ.