ಸರದಿಯ ದಿನಗಳು

ಬೂರೋಸಿನಲ್ಲಿ ಬಾಡಿಗೆ ಮನೆಗೆ
ಮುಂಗಡ ಬೇಡ, ದಲ್ಲಾಳಿ ಬೇಡ,
ಪರಿಚಯದವರ ಒಂದು ಮಾತೂ ಬೇಡ.
ಬೇಕಾದ್ದು ದಿನ.
ನಗರಸಭೆಯ ಪಟ್ಟಿಯಲ್ಲಿ ಹೆಸರು ಬರೆಸಿ
ಸುಮ್ಮನೆ ಬದುಕಿಕೊಂಡಿರಬೇಕು.
ದಿನಕ್ಕೊಂದು ಅಂಕ.
ಜ್ವರ ಬಂದು ಮಲಗಿದ ದಿನಕ್ಕೂ ಒಂದು,
ಹಿಮ ಬಿದ್ದು ಬಸ್ಸು ನಿಂತ ದಿನಕ್ಕೂ ಒಂದು,
ನಕ್ಕ ದಿನಕ್ಕೆ ಹೆಚ್ಚಿಲ್ಲ.

ನನ್ನದು ಹದಿನೇಳು.
ಗಾಜಿನಾಚೆಯ ಹುಡುಗಿ ಪರದೆ ನೋಡಿ
ಕನ್ನಡಕ ಏರಿಸಿ ಮತ್ತೊಮ್ಮೆ ನೋಡಿದಳು:
ಹದಿನೇಳು ವರ್ಷವೇ?
ಅಲ್ಲ, ದಿನ.
ಐವತ್ತೆಂಟರ ಗಂಡಸು,
ಹದಿನೇಳು ದಿನದ ಕೂಸು.

ಯೋರ್ಡಿಸಳದು ಎಷ್ಟೆಂದು ನಾನು ಕೇಳಿರಲೇ ಇಲ್ಲ.

ಇವತ್ತು ಮನೆ ನೋಡಲು ನಾನೇ ಕರೆತಂದೆ,
ಗುಡ್ಡದ ದಾರಿ, ಅವಳ ಮಂಡಿ ಸರಿಯಿಲ್ಲ.
ಬೇರೆಯಾಗೋಣ ಅಂದ ಮಾತ್ರಕ್ಕೆ
ಗೇರು ಹಾಕುವುದು ಮರೆತುಹೋಗುತ್ತದೆಯೆ.
ನಮ್ಮ ಮನೆ ಮಾರಿಯಾಗಿದೆ.
ಏಪ್ರಿಲ್‌ ಒಂದಕ್ಕೆ ಕೀಲಿ ಕೊಡಬೇಕು.

ಮೂರನೇ ಮಹಡಿ, ಎರಡು ಕೋಣೆ,
ಮೆಟ್ಟಿಲ ತುಂಬ ಜನ, ಎಲ್ಲರ ಬೂಟಿಗೂ
ನೀಲಿ ಪ್ಲಾಸ್ಟಿಕ್ಕಿನ ಚೀಲ,
ಬಾಣಂತಿಯ ವಾರ್ಡಿಗೆ ಬಂದವರ ಹಾಗೆ.
ಒಬ್ಬಳು ಒಲೆಯ ಬಾಗಿಲು ತೆಗೆದು ಮೂಸಿದಳು.
ಟೆಸ್ಫಾಲೆಮ್ ಎಂಬವ, ಅಸ್ಮರಾದ ಕಡೆಯವ,
ಗೋಡೆಗೆ ಗೇಣು ಹಾಕುತ್ತ ಹೋದ:
ಮೇಲೊಂದು ಕೆಳಗೊಂದು ಮಂಚ,
ಎರಡು ಜೋಡಿ ಹಿಡಿಯುತ್ತೆ, ನಾಲ್ವರು ಮಕ್ಕಳು, ಅಂದ,
ನಾನೇ ಒಪ್ಪಬೇಕೇನೋ ಎಂಬಂತೆ.
ಆಮೇಲೆ ಎಲ್ಲರೂ ಎಲ್ಲರನ್ನೂ ಕೇಳುವುದನ್ನು
ಅವಳನ್ನು ಕೇಳಿದ:
ನಿಮ್ಮದೆಷ್ಟು?

ನಾಲ್ಕು ಸಾವಿರದ ಇನ್ನೂರ ಆರು,
ಅಂದಳು ಯೋರ್ಡಿಸ್, ಕಿಟಕಿಯ ಕಡೆ ತಿರುಗಿ.

ಗೋಡೆಯ ಮೇಲೆ ಅವನ ಗೇಣು
ಮೆಲ್ಲಗೆ ಮುಷ್ಟಿಯಾಗಿ ಜೇಬಿಗಿಳಿಯಿತು.

ನಾನು ಬೆರಳು ಮಡಚಿ ಹಿಂದಕ್ಕೆ ಎಣಿಸಿದೆ.
ಹನ್ನೊಂದು ವರ್ಷ, ಆರು ತಿಂಗಳು, ಚಿಲ್ಲರೆ.
ಆಗಸ್ಟ್.
ದೋಣಿಗೆ ಹಸಿರು ಬಣ್ಣ ಹೊಡೆದ ಆಗಸ್ಟ್.
ಅವಳ ಕೂದಲಿಗೆ ಬಣ್ಣ ಮೆತ್ತಿ
ನಾನೇ ಕತ್ತರಿ ಹಿಡಿದೆ, ಅವಳು ನಕ್ಕೂ ನಕ್ಕೂ
ಸ್ಟೂಲಿನಿಂದ ಜಾರಿ ಹುಲ್ಲಿಗೆ ಬಿದ್ದಳು.
ಆಗ ನಮ್ಮ ಮೌನಗಳಿಗೆ ಇನ್ನೂ ಹೆಸರಿಟ್ಟಿರಲಿಲ್ಲ.
ಅದೇ ವಾರ ಒಂದು ಮಧ್ಯಾಹ್ನ
ಬಣ್ಣ ಒಣಗಲೆಂದು ಬಿಟ್ಟು
ಪೇಟೆಗೆ ಹೋಗಿದ್ದಳು.
ದಾರ ತರಲು, ಅಂದಿದ್ದಳು.
ದಾರ ತಂದೂ ಇದ್ದಳು.

ಕಾರಿನಲ್ಲಿ ಕೇಳಿದೆ, ಯಾಕೆ.
ವೈಪರು ನಾಲ್ಕು ಸಲ ಆಚೀಚೆ ಹೋಯಿತು.
ಅಮ್ಮ ಹೇಳಿದ್ದಳು, ಅಂದಳು.
ಗಿರಣಿಯಲ್ಲಿ ಮೂವತ್ತು ವರ್ಷ
ಕಡಿದ ನೂಲಿಗೆ ಗಂಟು ಹಾಕಿದವಳು:
ಹೆಣ್ಣು ಮನೆಯೊಳಗೇ ಕೂತಿರಲಿ,
ಹೆಸರು ಮಾತ್ರ ಎಲ್ಲಾದರೊಂದು ಸಾಲಿನಲ್ಲಿ
ನಿಂತಿರಬೇಕು.

ಅಂದರೆ ನಾವು ಉಂಡು, ಕೈ ತೊಳೆದು,
ದೀಪ ಆರಿಸಿ ಮಲಗಿದ ಅಷ್ಟು ರಾತ್ರಿ
ಅವಳ ಹೆಸರು ಕೋಟು ತೊಟ್ಟು
ಹೊರಗೆ ನಿಂತಿತ್ತು.
ವರ್ಷಕ್ಕೊಮ್ಮೆ ನಗರಸಭೆ ಕೇಳುತ್ತದಂತೆ,
ಇನ್ನೂ ಬೇಕೆ ನಿಮಗೆ ಮನೆ?
ಹನ್ನೊಂದು ಸಲ ಅವಳು ಹೌದು ಅಂದಿದ್ದಾಳೆ.
ಅಷ್ಟು ಮಾತ್ರದ ಒಂದು ಪ್ರಶ್ನೆ
ನಾನು ಒಂದು ಸಲವಾದರೂ ಕೇಳಿದ್ದೆನೆ,
ನೆನಪಾಗಲಿಲ್ಲ.

ಸಿಗುತ್ತೆ ನಿನಗೆ, ಅಂದೆ.
ಸಿಗುತ್ತೆ, ಅಂದಳು. ಅವನ ನಾಲ್ಕು ಮಕ್ಕಳು, ಅಂದಳು.
ಮುಂದೆ ಏನೂ ಅನ್ನಲಿಲ್ಲ.
ಅವಳ ಬೂಟಿನ ನೀಲಿ ಚೀಲ ಹಾಗೇ ಇತ್ತು,
ನಾನೂ ಹೇಳಲಿಲ್ಲ.

ಸಿಗ್ನಲ್ಲಿನಲ್ಲಿ ಕೆಂಪು.
ನಾಳೆಗೆ ನನ್ನದು ಹದಿನೆಂಟು.