ಎಡಗೈಗೊಂದು ಜೇಬು

ತೀನ್ ಕಂದೀಲಿನ ಹಿಂದಿನ ಓಣಿ, ಮೇ ತಿಂಗಳ ಮಧ್ಯಾಹ್ನ,
ಫ್ಯಾನು ಬಿಸಿಯನ್ನೇ ತಿರುವಿ ತಿರುವಿ ಬಡಿಸುತ್ತಿದೆ.
ಸಿಂಧನೂರಿನ ನಾಟಕ ಕಂಪನಿಯ ಆಂಪ್ಲಿಫೈಯರು
ಹೊಟ್ಟೆ ಬಿಚ್ಚಿಕೊಂಡು ಮೇಜಿನ ಮೇಲೆ ಅಂಗಾತ.
ಮೈತುಂಬ ಮುಖಬಣ್ಣದ ಪುಡಿ, ಬೀಡಿ ವಾಸನೆ,
ಬದಿಗೆ ಯಾರೋ ಬ್ಲೇಡಿನಿಂದ ಗೀರಿದ್ದು:
'ಎಡಗಡೆ ಮೈಕು ಭೀಮಂದು'.

ಹುಸೇನಪ್ಪ ಮೊದಲು ನನ್ನ ಕೈ ನೋಡಿದರು.
"ಉಂಗುರ ತೆಗಿ ನರಸೀ. ಬಳಿ ಇರಲಿ,
ಗಾಜು ಕರೆಂಟಿಗೆ ಸೊಪ್ಪು ಹಾಕಂಗಿಲ್ಲ."
ಆಮೇಲೆ ಸ್ಕೋಪಿನತ್ತ ಗದ್ದ ಎತ್ತಿ:
"ಇದರದ್ದು ಮುನ್ನೂರು ವೋಲ್ಟಿನ ಬಾಯಿ.
ಆ ಪ್ಲೇಟಿನಾಗ ನಾನೂರಾ ಇಪ್ಪತ್ತು ಅದ.
ಬಾಯಿಗಿಂತ ದೊಡ್ಡ ತುತ್ತು ತುರುಕಬ್ಯಾಡ."
ನೂರರಲ್ಲಿ ಒಂದೇ ಪಾಲು ದಾಟಿಸುವ ಪ್ರೋಬು ಕೊಟ್ಟರು,
ಕೂಸಿಗೆ ಕಿವುಚಿ ಕಿವುಚಿ ಉಣಿಸುವ ಹಾಗೆ.

ಮೊಸಳೆ ಕ್ಲಿಪ್ಪು ಚಾಸಿಗೆ, ಚಾಸಿಗೆ ಮಾತ್ರ.
ಅದರ ಬಾಲ ಗೋಡೆಯ ಮೂರನೇ ಪಿನ್ನು ಹಿಡಿದು
ನೆಲದೊಳಕ್ಕೆ ಇಳಿದಿದೆ.
"ಆ ಪಿನ್ನು ಮುರಿದು ಅಳೆಯೋರು ಅದಾರ."
ಚಹಾ ಗುಟುಕರಿಸಿದರು.
"ಇದ್ದರು."

"ಇನ್ನ ಎಡಗೈ ಜೇಬಿನಾಗ ಇಡು."

ನನ್ನ ಚೂಡಿದಾರಕ್ಕೆ ಜೇಬಿಲ್ಲ.
ನಲವತ್ತು ವರ್ಷ ಈ ಮಾತು ಕೇಳಿದವರಿಗೆಲ್ಲ ಪ್ಯಾಂಟಿತ್ತು;
ಹುಸೇನಪ್ಪ ತಬ್ಬಿಬ್ಬಾಗಿ ಕನ್ನಡಕ ಒರೆಸಿಕೊಂಡರು.
ಕೊನೆಗೆ ದುಪಟ್ಟಾ ಸೊಂಟಕ್ಕೆ ಬಿಗಿದು
ಕೈಯನ್ನು ಅದರೊಳಗೆ ತುರುಕಿ ನಿಂತೆ, ಮುರಿದ ಕೈಯವಳಂತೆ.
ಒಂದು ಕೈಯಿಂದ ಹೊಕ್ಕದ್ದು
ಇನ್ನೊಂದು ಕೈಯಿಂದ ಹೊರಡುವ ದಾರಿಯಲ್ಲಿ
ನಡುವೆ ಬರುವ ಊರು ಎದೆ.

ಸ್ವಿಚ್ಚು ಒತ್ತಿದರು. ಗಾಜಿನೊಳಗೆ
ಒಲೆಯ ಕೊನೆಯ ಕೆಂಡದಷ್ಟು ಬೆಳಕು.
ಹಸಿರು ಗೆರೆ ನಾಲ್ಕು ಮನೆ ಮೇಲೇರಿ ನಿಂತಿತು,
ನಿಂತಲ್ಲೇ ಸೆಕೆಂಡಿಗೆ ನೂರು ಸಲ ನಡುಗುತ್ತ.
ಒಣಗಿದ ಕಂಡೆನ್ಸರು. ಅದಕ್ಕೇ
ಭೀಮನಿಗಿಂತ ಮೊದಲು ಇದೇ ಗುಂಯ್ ಎನ್ನುತ್ತಿದ್ದದ್ದು.

ಅಷ್ಟರಲ್ಲಿ ಫ್ಯಾನು ನಿಂತಿತು. ಗೆರೆ ಆರಿತು.
ಇತ್ತ ಶಕ್ತಿನಗರ ನಾಡಿಗೆಲ್ಲ ಕಲ್ಲಿದ್ದಲು ಸುಡುತ್ತದೆ,
ನಮ್ಮ ಓಣಿಗೆ ಮೂರರಿಂದ ಐದು ಕತ್ತಲೆ.
ಕಂಡೆನ್ಸರು ಬಿಚ್ಚೋಣವೆಂದು ಕೈ ಚಾಚಿದೆ.
ಪಟ್ಟನೆ ಮೊಣಕೈಗೆ ಏಟು.

"ಕರೆಂಟು ಹೋಗ್ಯದಲ್ರೀ..."
"ಊರಾಗಿಂದ ಹೋಗ್ಯದ. ಇದರಾಗಿಂದ ಹೋಗಿಲ್ಲ."

ಮೀಟರು ಹಚ್ಚಿದರು: ಮುನ್ನೂರಾ ಹತ್ತು.
ಮರದ ಹಿಡಿಯ ರೆಸಿಸ್ಟರನ್ನು ಮೊದಲು ಚಾಸಿಗೆ ಕಟ್ಟಿ
ತುದಿ ತಾಗಿಸಿ ಹಿಡಿದೆ. ನೂರಾ ತೊಂಬತ್ತು. ಅರವತ್ತು.
ಹನ್ನೊಂದು. ಇಬ್ಬರೂ ಮಾತಾಡಲಿಲ್ಲ.
ಬಾಗಿಲ ಬೆಳಕಿಗೆ ಆಗ ಕಂಡದ್ದು
ಅವರ ಬಲ ಹೆಬ್ಬೆರಳಲ್ಲಿ ಒಂದು ಬಿಳಿ ಗುಳಿ, ಜೋಳದ ಕಾಳಿನಷ್ಟು.
ನಾನು ಕೇಳಲಿಲ್ಲ. ಅವರು ಮುಚ್ಚಲೂ ಇಲ್ಲ.

ಸಂಜೆ ಮಹಿಬೂಬಿಯ ಹೊಲಿಗೆ ಮಿಷನ್ನಿನ ಮುಂದೆ:
"ಯಾವ ಕಡಿ?"
"ಎಡಕ್ಕ. ಆಳ ಇರಲಿ."
"ಮೊಬೈಲ್ ಇಡ್ತೀ?"
"ಇಲ್ಲಕ್ಕಾ. ಕೈ."